ದೊಡ್ಡವ್ರಾ, ಸಣ್ಣವ್ರಾ?

2023ರ ಮೇ 13, ಮತ ಎಣಿಕೆಯ ದಿನ. ಬೆಂಗಳೂರಿನ ಮನೆಯಲ್ಲಿ ಟಿ.ವಿ. ಮುಂದೆ ಕೂತಿದ್ದೆ. ಯಾವ ಪಕ್ಷಕ್ಕೆ ಎಷ್ಟು ಸೀಟು, ಯಾರು ಮುಖ್ಯಮಂತ್ರಿ ಎಂದು ಚಾನೆಲ್ಲಿನವರು ಗಂಟಲು ಹರಿದುಕೊಳ್ಳುತ್ತಿದ್ದರು. ಅಷ್ಟರಲ್ಲಿ ಊರಿಂದ ದೊಡ್ಡಪ್ಪನ ಫೋನು ಬಂತು. ಅಲ್ಲಿ ಕರೆಂಟು ಹೋಗಿತ್ತಂತೆ.

"ತಮಾ, ನಮ್ ಸೊರಬದ್ದು ಏನಾತು? ದೊಡ್ಡವ್ರಾ, ಸಣ್ಣವ್ರಾ?"

"ಸಣ್ಣವ್ರು."

"ಎಷ್ಟರಲ್ಲಿ?"

"ನಲವತ್ನಾಲ್ಕು ಸಾವಿರ ಚಿಲ್ರೆ."

ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಅಷ್ಟೊಂದು ಬೇಡಾಗಿತ್ತು" ಅಂದರು. ಫೋನು ಇಟ್ಟರು.

ಸಣ್ಣವರು ಅಂದರೆ ಮಧು ಬಂಗಾರಪ್ಪ, ದೊಡ್ಡವರು ಅವರ ಅಣ್ಣ ಕುಮಾರ್ ಬಂಗಾರಪ್ಪ. ಇಬ್ಬರೂ ಮಾಜಿ ಮುಖ್ಯಮಂತ್ರಿ ಎಸ್. ಬಂಗಾರಪ್ಪನವರ ಮಕ್ಕಳು. ಒಬ್ಬರು ಕಾಂಗ್ರೆಸ್ಸು, ಇನ್ನೊಬ್ಬರು ಬಿಜೆಪಿ. ದೊಡ್ಡಪ್ಪ ಪಕ್ಷದ ಹೆಸರು ಎತ್ತಲೇ ಇಲ್ಲ ಎನ್ನುವುದು ಫೋನು ಇಟ್ಟ ಮೇಲೆ ನನಗೆ ಹೊಳೆಯಿತು. ಯೋಚಿಸಿದರೆ, ಚುನಾವಣೆಯ ಮಾತು ಬಂದಾಗ ನಮ್ಮ ಮನೆಯಲ್ಲಿ ಯಾರೂ ಪಕ್ಷದ ಹೆಸರು ಎತ್ತಿದ್ದು ನನಗೆ ನೆನಪಿಲ್ಲ.

ಸೊರಬ ಕ್ಷೇತ್ರವನ್ನು ನಕ್ಷೆಯಲ್ಲಿ ನೋಡದವರಿಗೆ ಒಂದು ಮಾತು. ಶಿವಮೊಗ್ಗ ಜಿಲ್ಲೆಯ ವಾಯುವ್ಯ ಮೂಲೆ. ಒಂದು ಪಕ್ಕ ಸಾಗರ, ಇನ್ನೊಂದು ಪಕ್ಕ ಶಿಕಾರಿಪುರ, ಆಚೆಗೆ ಬನವಾಸಿ. ಚಂದ್ರಗುತ್ತಿ, ಉಳವಿ ಕಡೆ ಹೋದರೆ ಅಡಿಕೆ ತೋಟ, ಕಾನು, ಕೆಸರುಗದ್ದೆ. ಆನವಟ್ಟಿ, ಜಡೆ ದಾಟಿದರೆ ಮಳೆ ಕಮ್ಮಿ, ಹೊಲದಲ್ಲಿ ಮೆಕ್ಕೆಜೋಳ, ಮಾತಿನಲ್ಲಿ ಹಾವೇರಿಯ ಗಾಳಿ. ಅರ್ಧ ಮಲೆನಾಡು, ಅರ್ಧ ಬಯಲುಸೀಮೆ. ಪಶ್ಚಿಮದಲ್ಲಿ ಬಂಗಾರಪ್ಪನವರ ಸಮುದಾಯವಾದ ದೀವರು ಹೆಚ್ಚು, ಪೂರ್ವದಲ್ಲಿ ಲಿಂಗಾಯತರು. ಚುನಾವಣೆ ಬಂದಾಗ ಎಲ್ಲರೂ ಮೊದಲು ಹಾಕುವ ಲೆಕ್ಕ ಇದೇ. 2008ರ ಕ್ಷೇತ್ರ ಪುನರ್ವಿಂಗಡಣೆಯಲ್ಲಿ ಸಾಗರ ತಾಲ್ಲೂಕಿನ ತಾಳಗುಪ್ಪ ಹೋಬಳಿಯೂ ಇದಕ್ಕೆ ಸೇರಿತು.

1952, 57, 62ರ ಚುನಾವಣೆಗಳೂ ಇಲ್ಲಿ ನಡೆದವು. ಆದರೆ ಊರಿನ ನೆನಪಿನಲ್ಲಿ ಅವು ಇಲ್ಲವೇ ಇಲ್ಲ. ದೊಡ್ಡಪ್ಪನನ್ನು ಕೇಳಿದರೆ ಚುನಾವಣೆ ಶುರುವಾದದ್ದೇ 1967ರಲ್ಲಿ. ಅವರ ಮಟ್ಟಿಗೆ ಅದು ನಿಜವೂ ಹೌದು. ಆಗ ಮತದಾನಕ್ಕೆ 21 ತುಂಬಬೇಕಿತ್ತು, ಅವರಿಗೆ ಸರಿಯಾಗಿ ಅಷ್ಟೇ ವಯಸ್ಸು. ಕುಬಟೂರಿನ ಹುಡುಗ, ವಕೀಲ, ಸಮಾಜವಾದಿ ಸಾರೆಕೊಪ್ಪ ಬಂಗಾರಪ್ಪ ಮೊದಲ ಸಲ ಗೆದ್ದದ್ದು ಆ ವರ್ಷ. ಅಲ್ಲಿಂದ 1972, 1978, 1983, 1985, 1989, 1994. ಏಳು ಸಲ ನಿಂತರು, ಏಳು ಸಲವೂ ಗೆದ್ದರು. 1996ರಲ್ಲಿ ಲೋಕಸಭೆಗೆ ಹೋಗುವವರೆಗೆ 29 ವರ್ಷ ಸೊರಬಕ್ಕೆ ಬೇರೆ ಶಾಸಕರೇ ಇರಲಿಲ್ಲ. ಪತ್ರಿಕೆಗಳು 'ಸೋಲಿಲ್ಲದ ಸರದಾರ' ಅಂದವು. ಆ ಬಿರುದು ನಿಂತಿದ್ದು ಸೊರಬದ ಗಡಿಯೊಳಗೆ ಮಾತ್ರ ಎನ್ನುವುದು ಆಮೇಲೆ ಗೊತ್ತಾಯಿತು.

ಈ ಏಳು ಗೆಲುವುಗಳಲ್ಲಿ ಮೋಜಿನ ಸಂಗತಿ ಗುರುತಿನದು. ನಮ್ಮ ಅಜ್ಜಿಗೆ ಓದು ಬರಹ ಇರಲಿಲ್ಲ. ಪ್ರತಿ ಚುನಾವಣೆಗೂ ಮುಂಚೆ ದೊಡ್ಡಪ್ಪನ ಒಂದು ಕೆಲಸವೆಂದರೆ ಅವಳಿಗೆ ಚಿತ್ರ ತೋರಿಸಿ ಕಲಿಸುವುದು. "ಈ ಸಲ ಬಂಗಾರಪ್ಪಂದು ಯಾವ ಚಿತ್ರನೋ?" ಅಂತ ಅವಳೇ ಕೇಳುತ್ತಿದ್ದಳಂತೆ. ಮೊದಲು ಸಮಾಜವಾದಿಗಳ ಗುರುತು. 1978ರಲ್ಲಿ ಇಂದಿರಾ ಕಾಂಗ್ರೆಸ್ಸಿನ ಕೈ. ಆ ಗುರುತೂ ಆಗಷ್ಟೇ ಹೊಸದು. 1983ರಲ್ಲಿ ದೇವರಾಜ ಅರಸರು ಕಟ್ಟಿದ್ದ ಕ್ರಾಂತಿರಂಗ ಮತ್ತು ಜನತಾ ಪಕ್ಷ ಒಂದಾದಾಗ ನೇಗಿಲು ಹೊತ್ತ ರೈತ. 1985 ಮತ್ತು 89ರಲ್ಲಿ ಮತ್ತೆ ಕೈ. 1994ರಲ್ಲಿ ಅವರೇ ಕಟ್ಟಿದ ಕರ್ನಾಟಕ ಕಾಂಗ್ರೆಸ್ ಪಕ್ಷ, ಹೊಸ ಗುರುತು. ಲೋಕಸಭೆಗೆ 1999ರಲ್ಲಿ ಕೈ, 2004ರಲ್ಲಿ ಕಮಲ, 2005ರ ಉಪಚುನಾವಣೆಯಲ್ಲಿ ಸಮಾಜವಾದಿ ಪಕ್ಷದ ಸೈಕಲ್ಲು. ಸೈಕಲ್ ಚಿತ್ರ ತೋರಿಸಿದಾಗ ಅಜ್ಜಿ, "ನಂಗೆ ಹೊಡೆಯಕ್ ಬರದಿಲ್ಲ, ಒತ್ತದೊಂದ್ ಬರ್ತದೆ" ಅಂದಳಂತೆ. ಮುಲಾಯಂ ಸಿಂಗರ ಆ ಪಕ್ಷಕ್ಕೆ ಕರ್ನಾಟಕದಲ್ಲಿ ಕಚೇರಿ ಹುಡುಕಿದರೂ ಸಿಗುವುದು ಕಷ್ಟವಿತ್ತು. ಆದರೂ ಶಿವಮೊಗ್ಗದಿಂದ ಸೈಕಲ್ಲು ಗೆದ್ದು ದೆಹಲಿಗೆ ಹೋಯಿತು.

ಹೊರಗಿನವರು ಇದನ್ನು ಬರೆಯುವಾಗ ಒಂದೇ ಪದ ಬಳಸುತ್ತಾರೆ: ಪಕ್ಷಾಂತರ. ನಾನೂ ಕಾಲೇಜಿನಲ್ಲಿದ್ದಾಗ ಬಂಗಾರಪ್ಪನವರ ಬಗ್ಗೆ ಗೆಳೆಯರು ಆಡಿಕೊಂಡಾಗ ನಕ್ಕಿದ್ದೇನೆ. ಊರಿನವರು ಯಾಕೆ ಕಣ್ಣು ಮುಚ್ಚಿಕೊಂಡು ಹಿಂದೆ ಹೋಗುತ್ತಾರೆ ಎಂದು ನಾಚಿಕೆಯೂ ಆಗುತ್ತಿತ್ತು. ಅದು ಕಣ್ಣು ಮುಚ್ಚಿದ ನಂಬಿಕೆಯಲ್ಲ ಎಂದು ತಿಳಿದದ್ದು ಅಜ್ಜ ತೀರಿಕೊಂಡ ಮೇಲೆ, ಅವನ ಟ್ರಂಕು ಬಿಚ್ಚಿದಾಗ. ಅದರಲ್ಲಿ ಕಂದಾಯದ ರಸೀದಿಗಳ ಕಟ್ಟಿನ ಅಡಿಗೆ ಭೂ ನ್ಯಾಯಮಂಡಳಿಯ ಆದೇಶದ ಪ್ರತಿ ಇತ್ತು. ಮಡಿಕೆಯಲ್ಲಿ ಹರಿದು ನಾಲ್ಕು ತುಂಡಾಗಿತ್ತು. ಅಜ್ಜ ಗೇಣಿಗೆ ಮಾಡುತ್ತಿದ್ದ ಗದ್ದೆ ಇನ್ನು ಅವನದೇ ಎಂದು ಹೇಳುವ ಕಾಗದ.

ನಮ್ಮ ಕಡೆಯ ಚುನಾವಣೆಯ ಚರಿತ್ರೆ ಗದ್ದೆಯಲ್ಲಿ ಶುರುವಾಗುತ್ತದೆ. ಪಕ್ಕದ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರ ಏಪ್ರಿಲ್‌ನಲ್ಲಿ ಗೇಣಿದಾರರು ಸತ್ಯಾಗ್ರಹಕ್ಕೆ ಇಳಿದರು. ಜಗಳ ಎದ್ದದ್ದು ಗೇಣಿ ಅಳೆಯುವ ಕೊಳಗದ ಗಾತ್ರದ ಮೇಲೆ. ಒಡೆಯರು ದೊಡ್ಡ ಕೊಳಗದಲ್ಲಿ ಅಳೆದುಕೊಳ್ಳುತ್ತಿದ್ದರು. ಎಚ್. ಗಣಪತಿಯಪ್ಪ ರೈತರನ್ನು ಕಟ್ಟಿದರು. ಸಮಾಜವಾದಿಗಳು ಜೊತೆಗೆ ನಿಂತರು, ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಮರುವರ್ಷದ ಚುನಾವಣೆಯಲ್ಲಿ ಶಾಂತವೇರಿ ಗೋಪಾಲಗೌಡರು ಸಾಗರ ಹೊಸನಗರದಿಂದ ಗೆದ್ದು ವಿಧಾನಸಭೆಗೆ ಹೋದರು. ನಮ್ಮ ಅಜ್ಜ ಕಾಗೋಡಿಗೆ ಹೋಗಿದ್ದನೆಂದು ಮನೆಯಲ್ಲಿ ಯಾರೂ ಹೇಳಿಲ್ಲ. ಹೋಗಿದ್ದರೆ ಖಂಡಿತ ಹೇಳುತ್ತಿದ್ದರು. ಆದರೆ ಆ ಸುದ್ದಿ ಸೊರಬದ ಕಣಗಳಿಗೆ ಬಾರದೆ ಇರಲಿಲ್ಲ.

ಇದು ಬೇರಿನಷ್ಟು ಆಳಕ್ಕೆ ಇಳಿದಿತ್ತು ಎನ್ನುವುದಕ್ಕೆ 1972 ಸಾಕ್ಷಿ. ದೇವರಾಜ ಅರಸರ ಕಾಂಗ್ರೆಸ್ಸು 216ರಲ್ಲಿ 165 ಸ್ಥಾನ ಬಾಚಿಕೊಂಡ ವರ್ಷ ಅದು. ಆ ಅಲೆಯಲ್ಲೂ ಸೊರಬದಲ್ಲಿ ಬಂಗಾರಪ್ಪ, ಸಾಗರದಲ್ಲಿ ಕಾಗೋಡು ತಿಮ್ಮಪ್ಪ, ತೀರ್ಥಹಳ್ಳಿಯಲ್ಲಿ ಕೋಣಂದೂರು ಲಿಂಗಪ್ಪ, ಮೂವರೂ ಸಮಾಜವಾದಿಗಳಾಗಿಯೇ ಗೆದ್ದರು. ತಮಾಷೆ ನೋಡಿ, ಸಮಾಜವಾದಿಗಳು ಕೂಗಿದ್ದನ್ನು ಕಾಯ್ದೆ ಮಾಡಿದ್ದು ಮಾತ್ರ ಅರಸರ ಸರ್ಕಾರ. 1974ರ ಮಾರ್ಚ್ 1ರಿಂದ ಗೇಣಿ ಪದ್ಧತಿ ರದ್ದಾಯಿತು. ಗೇಣಿದಾರರು ನಮೂನೆ 7ರಲ್ಲಿ ಅರ್ಜಿ ಹಾಕಬೇಕಿತ್ತು. ನಮ್ಮ ಕಡೆ ಅದಕ್ಕೆ 'ಡಿಕ್ಲರೇಷನ್ ಕೊಡೋದು' ಅಂತಲೇ ಹೆಸರು. ಗಡುವು 1979ರ ಜೂನ್ 30ರವರೆಗೂ ಮುಂದೆ ಹೋಗುತ್ತಾ ಬಂತು. ಆ ಐದು ವರ್ಷ ಊರಿನಲ್ಲಿ ಯಾರು ಡಿಕ್ಲರೇಷನ್ ಕೊಟ್ಟರು, ಯಾರು ಒಡೆಯರ ದಾಕ್ಷಿಣ್ಯಕ್ಕೆ ಬಿದ್ದು ಕೊಡಲಿಲ್ಲ ಎನ್ನುವುದು ಇವತ್ತಿಗೂ ಮದುವೆ ಮನೆಗಳಲ್ಲಿ ಬರುವ ಮಾತು. ದಾಕ್ಷಿಣ್ಯಕ್ಕೆ ಬಿದ್ದವರ ಮೊಮ್ಮಕ್ಕಳು ಈಗ ಬೆಂಗಳೂರಿನಲ್ಲಿ ಕ್ಯಾಬ್ ಓಡಿಸುತ್ತಿದ್ದಾರೆ. ಕೊಟ್ಟವರ ಮೊಮ್ಮಕ್ಕಳಲ್ಲಿ ನಾನೂ ಒಬ್ಬ. ಬೆಂಗಳೂರಿಗೆ ನಾನೂ ಬಂದೆ, ಆದರೆ ಓದಿಕೊಂಡು ಬಂದೆ.

ಕಾಯ್ದೆ ಅರಸರದು. ಅಜ್ಜನ ಮನಸ್ಸಿನಲ್ಲಿ ಗದ್ದೆ ಕೊಡಿಸಿದ್ದು ಬಂಗಾರಪ್ಪ. ಇದು ತಪ್ಪು ಲೆಕ್ಕ ಎಂದು ದೊಡ್ಡಪ್ಪನ ಹತ್ತಿರ ಒಮ್ಮೆ ವಾದ ಮಾಡಿದೆ. ಅವರು ಹೇಳಿದ್ದು ಇಷ್ಟು: "ಕಾಯ್ದೆ ಬೆಂಗಳೂರಲ್ಲಿತ್ತು ಮಾರಾಯ. ತಾಲ್ಲೂಕು ಕಚೇರಿ ಮೆಟ್ಲು ಹತ್ತೋ ಧೈರ್ಯ ಎಲ್ಲಿತ್ತು?" ಗೇಣಿದಾರನ ಮಗ ಒಡೆಯರ ಎದುರು ಅರ್ಜಿ ಹಿಡಿದು ನಿಲ್ಲಬೇಕಾದರೆ ತನ್ನವನೊಬ್ಬ ವಿಧಾನಸೌಧದಲ್ಲಿದ್ದಾನೆ ಎಂಬ ಬಲ ಬೇಕಿತ್ತು. ಅವನು ಯಾವ ಪಕ್ಷದ ಬಾವುಟ ಹಿಡಿದಿದ್ದಾನೆ ಎನ್ನುವುದು ಅಜ್ಜನ ಪಾಲಿಗೆ ಅಂಗಿಯ ಬಣ್ಣದಷ್ಟೇ ಮುಖ್ಯ.

ಬಂಗಾರಪ್ಪನವರೇ ಮುಖ್ಯಮಂತ್ರಿಯಾದದ್ದು 1990ರ ಅಕ್ಟೋಬರ್ 17ರಂದು. ಏಳು ವರ್ಷ ಮುಂಚೆಯೇ, 1983ರಲ್ಲಿ, ಆ ಕುರ್ಚಿ ಕೈಗೆ ಬಂದಂತಾಗಿ ತಪ್ಪಿತ್ತು. ಅರಸರು ತೀರಿಕೊಂಡ ಮೇಲೆ ಕ್ರಾಂತಿರಂಗದ ಮುಂದಾಳು ಇವರೇ. ಜನತಾ ಪಕ್ಷದ ಜೊತೆ ಸೇರಿ ಕಾಂಗ್ರೆಸ್ಸನ್ನು ಮೊದಲ ಬಾರಿಗೆ ಅಧಿಕಾರದಿಂದ ಇಳಿಸಿದರು. ಆದರೆ ಕುರ್ಚಿ ಸಿಕ್ಕಿದ್ದು ಆಗ ಶಾಸಕರೂ ಅಲ್ಲದ ರಾಮಕೃಷ್ಣ ಹೆಗಡೆಯವರಿಗೆ. ಸೊರಬದಲ್ಲಿ ಆ ಗಾಯ ಬಹಳ ಕಾಲ ಒಣಗಲಿಲ್ಲ. 1985ರಲ್ಲಿ ರಾಜ್ಯಪೂರ್ತಿ ಹೆಗಡೆ ಅಲೆ ಎದ್ದಾಗ ನಮ್ಮವರು ಕಾಂಗ್ರೆಸ್ಸಿಗೆ ಮರಳಿದ್ದ ಬಂಗಾರಪ್ಪನವರನ್ನೇ ಗೆಲ್ಲಿಸಿ ವಿರೋಧ ಪಕ್ಷದ ನಾಯಕನನ್ನಾಗಿ ಕಳಿಸಿದರು. ರಾಜ್ಯದ ಗಾಳಿಗೆ ಬೆನ್ನು ಕೊಟ್ಟು ನಿಲ್ಲುವುದು ಈ ಕ್ಷೇತ್ರಕ್ಕೆ ಅಭ್ಯಾಸವಾಗಿತ್ತು.

ಮುಖ್ಯಮಂತ್ರಿಯಾಗಿ ಎರಡು ವರ್ಷ ಒಂದು ತಿಂಗಳು. ಮೈಸೂರು, ಮಂಡ್ಯದವರಿಗೆ ಬಂಗಾರಪ್ಪ ಅಂದರೆ 1991ರ ಕಾವೇರಿ ಸುಗ್ರೀವಾಜ್ಞೆ. ನಮ್ಮವರಿಗೆ ಪಂಪ್‌ಸೆಟ್ಟಿನ ಪುಕ್ಕಟೆ ಕರೆಂಟು, ಆಶ್ರಯ ಮನೆ, ನೌಕರಿಗೆ ಹಳ್ಳಿಯಲ್ಲಿ ಓದಿದವರಿಗೆ ಸಿಗುತ್ತಿದ್ದ ಗ್ರಾಮೀಣ ಕೃಪಾಂಕ, ಆರಾಧನಾ ಯೋಜನೆಯಲ್ಲಿ ದುರಸ್ತಿಯಾದ ಗುಡಿ. ಆರಾಧನೆಯ ಬಗ್ಗೆ ಪಟ್ಟಣದ ಬುದ್ಧಿವಂತರು ಮೂಗು ಮುರಿದರು. ನನಗೂ ಮೊದಲು ಅದು ವೋಟಿನ ಉಪಾಯವೆಂದೇ ಅನ್ನಿಸಿತ್ತು, ಈಗಲೂ ಸ್ವಲ್ಪ ಹಾಗೆಯೇ ಅನ್ನಿಸುತ್ತದೆ. ಆದರೆ ಸರ್ಕಾರದ ದುಡ್ಡು ಯಾವತ್ತೂ ನೋಡದ ಕೇರಿಯ ಚೌಡಿ, ಭೂತಪ್ಪನ ಕಟ್ಟೆಗೂ ಹೆಂಚು ಬಂತು ಎನ್ನುವುದು ಸುಳ್ಳಲ್ಲ. ಶಟಲ್ ಆಡುವ, ಕರ್ನಾಟಕ ಸಂಗೀತ ಹಾಡುವ ಆ ಮನುಷ್ಯನಲ್ಲಿ ಒಂದು ಠೀವಿ ಇತ್ತು. ಗೇಣಿದಾರರ ಮಕ್ಕಳಿಗೆ ಅದೂ ಬೇಕಾಗಿತ್ತೇನೋ.

ಇಲ್ಲಿಯವರೆಗಿನ ಕಥೆ ನನಗೆ ಒಪ್ಪಿಗೆ. ಇದರ ಮುಂದಿನದು ಕಗ್ಗಂಟು.

1996ರಲ್ಲಿ ಬಂಗಾರಪ್ಪ ಲೋಕಸಭೆಗೆ ಹೋದಾಗ ಉಪಚುನಾವಣೆಯಲ್ಲಿ ಗೆದ್ದವರು ಹಿರಿಯ ಮಗ ಕುಮಾರ್, ಆಗ ಸಿನಿಮಾ ನಟ. 1999ರಲ್ಲಿ ಕಾಂಗ್ರೆಸ್ಸಿನಿಂದ ಮತ್ತೆ ಗೆದ್ದು ಎಸ್.ಎಂ. ಕೃಷ್ಣ ಸರ್ಕಾರದಲ್ಲಿ ಮಂತ್ರಿಯೂ ಆದರು. 2004ರಲ್ಲಿ ಅಪ್ಪ ಬಿಜೆಪಿಗೆ ಹೋದರು. ಕಿರಿಯ ಮಗ ಮಧು ಸೊರಬದಲ್ಲಿ ಕಮಲದ ಹುರಿಯಾಳು. ಹಿರಿಯ ಮಗ ಅದೇ ಸೊರಬದಲ್ಲಿ ಕೈ ಹುರಿಯಾಳು. ಊರು ಕಂಗಾಲಾಯಿತು. ಮೂವತ್ತೇಳು ವರ್ಷ ಯೋಚಿಸುವ ಪ್ರಮೇಯವೇ ಬಾರದೆ ಓಟು ಹಾಕಿದವರು, ಈಗ ಒಂದೇ ಮನೆಯ ಎರಡು ಬಾಗಿಲಲ್ಲಿ ಯಾವುದನ್ನು ತಟ್ಟಬೇಕು?

ನಮ್ಮ ಮನೆಯೂ ಒಡೆಯಿತು. ದೊಡ್ಡಪ್ಪ ಕುಮಾರ್ ಕಡೆ: "ಹಿರೇ ಮಗ ಹಿರೇ ಮಗನೇ." ನನ್ನ ಅಪ್ಪ ಮಧು ಕಡೆ: "ಬಂಗಾರಪ್ಪನೋರು ಯಾರನ್ನ ತೋರಿಸ್ತಾರೋ ಅವರು." ಚುನಾವಣೆ ಮುಗಿಯುವವರೆಗೆ ಇಬ್ಬರೂ ಜಗಲಿಯ ಬೇರೆ ಬೇರೆ ತುದಿಯಲ್ಲಿ ಕೂತು ಎಲೆ ಅಡಿಕೆ ಹಾಕುತ್ತಿದ್ದರು. ಮನೆಯಲ್ಲಿ ಪಾಲಾಗಿರಲಿಲ್ಲ, ಒಂದೇ ಒಲೆಯ ಊಟ. ಬಡಿಸುವಾಗ ಅಮ್ಮನಿಗೆ ಪೇಚಾಟ. ಆ ಸಲ ಕುಮಾರ್ ಗೆದ್ದರು. ಅದೇ ಬೇಸಿಗೆಯಲ್ಲಿ ಬಂಗಾರಪ್ಪನವರೂ ಕಮಲದ ಮೇಲೆ ಲೋಕಸಭೆಗೆ ಗೆದ್ದರು. ಅಂದರೆ ನಮ್ಮ ಜನರಲ್ಲಿ ಎಷ್ಟೋ ಮಂದಿ ಒಂದೇ ದಿನ, ಒಂದೇ ಮತಗಟ್ಟೆಯಲ್ಲಿ, ಅಪ್ಪನಿಗೆ ಒಂದು ಗುರುತು ಮಗನಿಗೆ ಇನ್ನೊಂದು ಗುರುತು ಒತ್ತಿ ಬಂದರು ಎಂದೇ ನನ್ನ ಎಣಿಕೆ. ಎಲ್ಲರ ಮಾತೂ ನಡೆಸಿಕೊಡುವ ಹಳೆಯ ಮಲೆನಾಡಿನ ದಾಕ್ಷಿಣ್ಯ ಅದು.

ಪಕ್ಕದ ಸಾಗರದಲ್ಲಿ ಅದೇ ವರ್ಷ ಇನ್ನೊಂದು ಮನೆಯ ಜಗಳ. ಕಾಗೋಡು ತಿಮ್ಮಪ್ಪನವರನ್ನು ಅವರ ಸೋದರಳಿಯ ಬೇಳೂರು ಗೋಪಾಲಕೃಷ್ಣ ಬಿಜೆಪಿಯಿಂದ ನಿಂತು ಸೋಲಿಸಿದರು. ಕಾಗೋಡಿನ ಚಳವಳಿ ಹುಟ್ಟಿದ ನೆಲದಲ್ಲಿ ಎರಡು ತಲೆಮಾರು ದಾಟುವ ಹೊತ್ತಿಗೆ ಒಡೆಯ ಗೇಣಿದಾರರ ಜಗಳ ಹೋಗಿ ಅಣ್ಣ ತಮ್ಮ, ಮಾವ ಅಳಿಯರ ಜಗಳ ಬಂದಿತ್ತು. ಬಿಜೆಪಿ ಈ ಬಿರುಕುಗಳಲ್ಲೇ ಕಾಲಿಟ್ಟು ಒಳಗೆ ಬಂತು. 2004ರಲ್ಲಿ ಆ ಪಕ್ಷ ರಾಜ್ಯದಲ್ಲಿ 79 ಸ್ಥಾನ ಗೆದ್ದಾಗ ಅದಕ್ಕೆ ಬಂಗಾರಪ್ಪನವರ ಬಲವೂ ಕಾರಣ ಎಂದು ಎಲ್ಲರೂ ಬರೆದರು. ಮರುವರ್ಷವೇ ಅವರು ಅಲ್ಲಿಂದ ಹೊರಬಿದ್ದರು. ತೆರೆದ ಬಾಗಿಲು ಮಾತ್ರ ಮತ್ತೆ ಮುಚ್ಚಲಿಲ್ಲ.

2008ರಲ್ಲಿ ಅದರ ಬೆಲೆ ಗೊತ್ತಾಯಿತು. ಕುಮಾರ್ ಕಾಂಗ್ರೆಸ್ಸಿನಿಂದ, ಮಧು ಸಮಾಜವಾದಿ ಪಕ್ಷದಿಂದ. ಇಬ್ಬರೂ ಸೋತರು. ಗೆದ್ದವರು ಬಿಜೆಪಿಯ ಹರತಾಳು ಹಾಲಪ್ಪ. ಅವರ ಹೊಸನಗರ ಕ್ಷೇತ್ರ ಪುನರ್ವಿಂಗಡಣೆಯಲ್ಲಿ ಅಳಿಸಿಹೋಗಿತ್ತು, ನೆಲೆ ಹುಡುಕಿಕೊಂಡು ಸೊರಬಕ್ಕೆ ಬಂದಿದ್ದರು. ಅದೇ ಚುನಾವಣೆಯಲ್ಲಿ ಬಂಗಾರಪ್ಪ ಶಿಕಾರಿಪುರದಲ್ಲಿ ಯಡಿಯೂರಪ್ಪನವರ ಎದುರು ನಿಂತರು. ಕಾಂಗ್ರೆಸ್ಸು, ಜೆಡಿಎಸ್ಸು ಹುರಿಯಾಳುಗಳನ್ನು ಹಾಕದೆ ಬೆಂಬಲಿಸಿದರೂ 45 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋತರು. 1967ರಿಂದ ಈಚೆಗೆ ಸೊರಬವನ್ನು ಬಂಗಾರಪ್ಪನವರ ಮನೆಯವರಲ್ಲದವರು ಪ್ರತಿನಿಧಿಸಿದ್ದು ಆ ಒಂದೇ ಅವಧಿ. ಅಚ್ಚರಿಯೆಂದರೆ ಊರಿನಲ್ಲಿ ಆ ಐದು ವರ್ಷದ ನೆನಪು ತೀರಾ ತೆಳು. ಅಣ್ಣತಮ್ಮಂದಿರು ಕಚ್ಚಾಡದಿದ್ದರೆ ಹಾಗಾಗುತ್ತಿರಲಿಲ್ಲ ಎಂದು ಹೇಳಿ ಮುಗಿಸುತ್ತಾರೆ. ನನಗೆ ಅದು ಪೂರ್ತಿ ನಿಜ ಅನ್ನಿಸುವುದಿಲ್ಲ. ಜೋಳದ ಸೀಮೆಯ ಜನಕ್ಕೆ ಈ ಮನೆಯ ಋಣವೇನೂ ಇರಲಿಲ್ಲ, ಯಡಿಯೂರಪ್ಪ ಪಕ್ಕದ ತಾಲ್ಲೂಕಿನವರು, ಮುಖ್ಯಮಂತ್ರಿಯಾಗುವವರು. ಅವರು ತಮ್ಮ ಲೆಕ್ಕ ತಾವು ಹಾಕಿದ್ದರು.

2011ರ ಡಿಸೆಂಬರ್ 26ರಂದು ಬಂಗಾರಪ್ಪ ತೀರಿಕೊಂಡರು. ಆ ಹೊತ್ತಿಗೆ ಅವರು ಜೆಡಿಎಸ್‌ನಲ್ಲಿದ್ದರು. ಸೊರಬದಲ್ಲಿ ಈಗ ಅವರ ಸಮಾಧಿಯಿದೆ, ಬಂಗಾರಧಾಮ ಅಂತ. 2013ರಲ್ಲಿ ಮಧು ಜೆಡಿಎಸ್‌ನ ತೆನೆ ಹೊತ್ತ ಮಹಿಳೆಯ ಗುರುತಿನಲ್ಲಿ ಗೆದ್ದರು. ಯಡಿಯೂರಪ್ಪ ಬಿಜೆಪಿ ಬಿಟ್ಟು ಕಟ್ಟಿದ್ದ ಕೆಜೆಪಿಯ ಹಾಲಪ್ಪ ಎರಡನೆಯವರು, ಕಾಂಗ್ರೆಸ್ಸಿನ ಕುಮಾರ್ ಮೂರನೆಯವರು. 2018ರಲ್ಲಿ ಕುಮಾರ್ ಬಿಜೆಪಿಗೆ ಬಂದು 13,286 ಮತಗಳಿಂದ ತಮ್ಮನನ್ನು ಸೋಲಿಸಿದರು. 2021ರಲ್ಲಿ ಮಧು ಕಾಂಗ್ರೆಸ್ ಸೇರಿದರು; 2023ರಲ್ಲಿ 44,262 ಮತಗಳಿಂದ ಅಣ್ಣನನ್ನು ಸೋಲಿಸಿದರು.

ಐದು ಚುನಾವಣೆ. ಇಬ್ಬರಿಗೂ ಎರಡೆರಡು ಗೆಲುವು, ಒಂದರಲ್ಲಿ ಇಬ್ಬರಿಗೂ ಸೋಲು. ಬಸ್ಸಿನಲ್ಲಿ ಕೂತು ಒಂದು ಹಳೆಯ ಟಿಕೆಟ್ಟಿನ ಹಿಂದೆ ಈ ಲೆಕ್ಕ ಬರೆಯುತ್ತಿದ್ದಾಗ ಕಣ್ಣಿಗೆ ಬಿದ್ದದ್ದು ಬೇರೆಯೇ. 2004ರಲ್ಲಿ ಅಣ್ಣನದು ಕೈ, ತಮ್ಮನದು ಕಮಲ. 2023ರಲ್ಲಿ ಅಣ್ಣನದು ಕಮಲ, ತಮ್ಮನದು ಕೈ. ಹತ್ತೊಂಬತ್ತು ವರ್ಷದಲ್ಲಿ ಇಬ್ಬರೂ ಪೂರ್ತಿ ಒಂದು ಸುತ್ತು ಹಾಕಿ ಒಬ್ಬರ ಜಾಗಕ್ಕೆ ಇನ್ನೊಬ್ಬರು ಬಂದು ನಿಂತಿದ್ದರು. ಎರಡು ಸಲವೂ ಗೆದ್ದದ್ದು ಕೈ.

ಹಾಗಾದರೆ ಇಷ್ಟು ವರ್ಷವೂ ನಮ್ಮವರು ಗುಟ್ಟಾಗಿ ಪಕ್ಷವನ್ನೇ ನೋಡುತ್ತಿದ್ದರೇ? ಒಂದು ವಾರ ಇದನ್ನೇ ತಲೆಯಲ್ಲಿ ಹೊತ್ತು ತಿರುಗಿದೆ. ಇಲ್ಲ, ಹಾಗೆ ಹೇಳಲು ಆಗುವುದಿಲ್ಲ. 2013ರಲ್ಲಿ ಕೈ ಮೂರನೆಯ ಸ್ಥಾನಕ್ಕೆ ಇಳಿದಿತ್ತು. ಆದರೆ ವ್ಯಕ್ತಿಯೊಂದೇ ಸಾಕು ಎನ್ನುವುದೂ ಈಗ ನಿಲ್ಲುವುದಿಲ್ಲ. 44 ಸಾವಿರದ ಅಂತರ ಬರೀ ತಮ್ಮನ ಮೇಲಿನ ಪ್ರೀತಿಯಿಂದ ಬರುವಂಥದ್ದಲ್ಲ. ಆ ಸಲ ರಾಜ್ಯದ ಗಾಳಿಯೇ ಕಾಂಗ್ರೆಸ್ಸಿನ ಕಡೆ ಇತ್ತು. ಒಂದು ಕಾಲಕ್ಕೆ ಗಾಳಿಗೆ ಬೆನ್ನು ಕೊಟ್ಟು ನಿಲ್ಲುತ್ತಿದ್ದ ಸೊರಬ ಈಗ ಗಾಳಿಯ ಜೊತೆಗೇ ಹೋಯಿತು.

ಲೋಕಸಭೆಯ ಪಟ್ಟಿ ಇನ್ನೂ ಖಡಕ್ಕು. ಶಿವಮೊಗ್ಗದಲ್ಲಿ 2009ರಲ್ಲಿ ಬಂಗಾರಪ್ಪ, 2014ರಲ್ಲಿ ಮಗಳು ಗೀತಾ ಶಿವರಾಜಕುಮಾರ್, 2018ರ ಉಪಚುನಾವಣೆಯಲ್ಲಿ ಮತ್ತು 2019ರಲ್ಲಿ ಮಧು, 2024ರಲ್ಲಿ ಮತ್ತೆ ಗೀತಾ. ಐದು ಸಲವೂ ಸೋಲು, ಐದು ಸಲವೂ ಗೆದ್ದವರು ಯಡಿಯೂರಪ್ಪ ಅಥವಾ ಅವರ ಮಗ ರಾಘವೇಂದ್ರ. ಸೊರಬದ ಗಡಿ ದಾಟಿದರೆ ಹೆಸರಿನ ನಾಣ್ಯ ಓಡುವುದಿಲ್ಲ.

ನನ್ನ ತಕರಾರು ಇರುವುದು ಆ ಮನೆಯವರ ಮೇಲಲ್ಲ, ನಮ್ಮ ಜಗಲಿಯ ಮೇಲೆ. ಅಜ್ಜನಿಗೆ ಒಂದು ಋಣವಿತ್ತು. ಅವನು ಏಳು ಸಲ ಓಟು ಹಾಕಿ ತೀರಿಸಿದ. ಅದನ್ನು ದೊಡ್ಡಪ್ಪ, ಅಪ್ಪ ಯಾಕೆ ಬಡ್ಡಿ ಸಮೇತ ಕಟ್ಟುತ್ತಾ ಬಂದರು? ಸಾಗು ಮಾಡಿದ ಸರ್ಕಾರಿ ಜಮೀನನ್ನು ತಮ್ಮ ಹೆಸರಿಗೆ ಕೇಳಿದವರ ಬಗರ್ ಹುಕುಂ ಅರ್ಜಿಗಳು ದೂಳು ತಿನ್ನುತ್ತಿವೆ, ಏತ ನೀರಾವರಿ ಬೇಕು ಎಂದು ಆನವಟ್ಟಿ ಕಡೆಯವರು ಎಷ್ಟೋ ವರ್ಷ ಕೂಗಿದರು. ಆದರೆ ನಮ್ಮ ಜಗಲಿಯಲ್ಲಿ ಇಪ್ಪತ್ತು ವರ್ಷ ನಡೆದದ್ದು ಒಂದೇ ಚರ್ಚೆ: ಅಪ್ಪನಿಗೆ ಯಾವ ಮಗ ಸರಿಯಾಗಿ ನಡೆದುಕೊಂಡ? ನೆಂಟರ ಮನೆಯ ಪಂಚಾಯಿತಿಯ ಹಾಗೆ. ಅದರ ಗಲಾಟೆಯಲ್ಲಿ ನಮ್ಮದೇ ಊರಿನ, ಸಹಕಾರ ಸಂಘದಲ್ಲಿ, ತಾಲ್ಲೂಕು ಪಂಚಾಯಿತಿಯಲ್ಲಿ ಚೆನ್ನಾಗಿ ಕೆಲಸ ಮಾಡಿದ ಒಬ್ಬಿಬ್ಬರು ಟಿಕೆಟ್ ಕೇಳುವ ಧೈರ್ಯವನ್ನೇ ಮಾಡಲಿಲ್ಲ. ದೊಡ್ಡಪ್ಪನ ಹತ್ತಿರ ಇದನ್ನು ಹೇಳಿದರೆ ಎಲೆಗೆ ಸುಣ್ಣ ಹಚ್ಚುತ್ತಾ, "ನೀನು ನಿಂತ್ಕೋ, ಹಾಕ್ತೀನಿ" ಅನ್ನುತ್ತಾರೆ. ಬೆಂಗಳೂರಿಗೆ ಹೋದವನು ಬಾಯಿ ಮುಚ್ಚಿಕೊಂಡಿರು ಎಂದು ಅದರ ಅರ್ಥ.

ಕಳೆದ ಸಲ ಊರಿಗೆ ಹೋದಾಗ ದೊಡ್ಡಪ್ಪನ ಮೊಮ್ಮಗ ಎಸ್‌ಎಸ್‌ಎಲ್‌ಸಿ ಓದುತ್ತಾ ಜಗಲಿಯಲ್ಲಿ ಕೂತಿದ್ದ. ಮಧು ಬಂಗಾರಪ್ಪ 2023ರಲ್ಲಿ ಶಾಲಾ ಶಿಕ್ಷಣ ಮಂತ್ರಿಯಾದರು; ವರ್ಷಕ್ಕೆ ಮೂರು ಪರೀಕ್ಷೆಯ ಪದ್ಧತಿ ಬಂದದ್ದು ಅವರ ಕಾಲದಲ್ಲಿ. ಹುಡುಗನಿಗೆ ಅವರು ಗೊತ್ತಿರುವುದು ಹಾಗೆ: ಫೇಲಾದರೆ ಇನ್ನೆರಡು ಸಲ ಬರೆಯಬಹುದು ಎಂದ ಮಿನಿಸ್ಟರು. ದೊಡ್ಡಪ್ಪ ಏನೋ ಮಾತಿಗೆ, "ಅದೆಲ್ಲ ಸಣ್ಣವ್ರು ಮಾಡಿದ್ದು" ಅಂದರು.

ಹುಡುಗ ಪುಸ್ತಕದಿಂದ ತಲೆ ಎತ್ತಿದ.

"ಸಣ್ಣವ್ರು ಅಂದ್ರೆ? ಯಾರಿಗಿಂತ ಸಣ್ಣವ್ರು ಅಜ್ಜ?"